ಮುತ್ತಜ್ಜನ ಕುರ್ಚಿಯಲ್ಲಿ ಅಜ್ಜಿಯ ಫೋಟೋ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಬೆಳಕು ಬಹಳ ಗಂಭೀರವಾದ ವಸ್ತುವಾಗಿತ್ತು. ಅದನ್ನು ತೊಗರಿಯಂತೆ ಅಳೆದು ಖರ್ಚು ಮಾಡಬೇಕು, ಒಂದು ಕಾಳೂ ನೆಲಕ್ಕೆ ಬೀಳಬಾರದು ಎಂದು ಅಪ್ಪ ಹೇಳುತ್ತಿದ್ದರು. ಹಾಗೆ ಅಳೆದೂ ಅಳೆದೂ ತೆಗೆದ ಅವರ ಮೊದಲ ರೋಲು ಪೂರ್ತಿ ಕತ್ತಲೆಯಾಗಿ ಬಂತು. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ.

ಅಪ್ಪ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಅಂಗಡಿಯೊಂದರ ಗುಮಾಸ್ತರು. ಅದೇ ಊರಿನ ರೋಜಾ ಬಡಾವಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅವರ ಗೆಳೆಯರನ್ನು ನಾವು ಚಾಚಾ ಎನ್ನುತ್ತಿದ್ದೆವು. ತಮ್ಮ ಹಳೆಯ ಕ್ಯಾಮೆರಾವನ್ನು ಅಪ್ಪನಿಗೆ ದಾಟಿಸಿದವರು ಅವರೇ. ಅದರಲ್ಲಿ ತಾನಾಗಿ ಆಗುವಂಥದ್ದು ಏನೂ ಇರಲಿಲ್ಲ. ಒಂದು ಉಂಗುರ ತಿರುಗಿಸಿದರೆ ಬೆಳಕಿನ ಕಿಂಡಿ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಈ ಅನ್ಯಾಯವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಇನ್ನೊಂದು ಉಂಗುರ, ಕಿಂಡಿ ಎಷ್ಟು ಹೊತ್ತು ತೆರೆದಿರಬೇಕು ಎಂಬುದಕ್ಕೆ. ಮೂರನೆಯದು ಫೋಕಸ್ಸಿಗೆ. ಇಣುಕಿ ನೋಡಿದರೆ ಎದುರಿಗಿದ್ದವರ ಪಕ್ಕದಲ್ಲೇ ಅವರದೇ ಮಸುಕಾದ ಇನ್ನೊಂದು ರೂಪ ನಿಂತಿರುತ್ತಿತ್ತು. ಉಂಗುರವನ್ನು ಮೆಲ್ಲಗೆ ತಿರುಗಿಸಿ ಆ ರೂಪವನ್ನು ಮನುಷ್ಯನೊಳಗೆ ಸೇರಿಸಬೇಕು. ಸೇರಿದರೆ ಫೋಕಸ್ ಆಯಿತು. ನನಗಂತೂ ಪ್ರತಿ ಸಲ ದೆವ್ವ ಬಿಡಿಸಿದಷ್ಟೇ ಸಮಾಧಾನವಾಗುತ್ತಿತ್ತು.

ಕಮಲಾಪುರದಲ್ಲಿದ್ದ ಅಜ್ಜಿಗೆ ಒಂದು ಚಿಂತೆ ಹತ್ತಿತ್ತು. ಅವಳ ಅತ್ತೆಯ ಫೋಟೋ ಯಾರೂ ತೆಗೆಸಿರಲಿಲ್ಲ. ಈಗ ಅವರ ಮುಖ ಹೇಗಿತ್ತೆಂದು ಅಜ್ಜಿಗೂ ನೆನಪಾಗುತ್ತಿರಲಿಲ್ಲ. "ನನ್ನ ಮಾರೀನೂ ಹಂಗ ಅಳಿಸಿ ಹೋಗ್ತದೇನೋ. ಒಂದು ಫೋಟೋ ತಗೀರಿ" ಎಂದು ತಾನೇ ಹೇಳಿಕಳಿಸಿದ್ದಳು.

ಅಪ್ಪ, ಅಕ್ಕ, ನಾನು ಬಸ್ಸಿನಲ್ಲಿ ಹೊರಟೆವು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಊರು ಮುಟ್ಟುವಾಗ ಸಂಜೆ ಇಳಿಯುತ್ತಿತ್ತು. ಸೀಮೆಎಣ್ಣೆಯ ವಾಸನೆ, ಪಡಸಾಲೆಯ ತೊಲೆಗೆ ತೂಗುಹಾಕಿದ ಕೆಂಪು ಬಾಳೆಗೊನೆಯ ಸಿಹಿ ವಾಸನೆ. ಕರೆಂಟು ಹೋಗಿತ್ತು. ಉಳಿದದ್ದು ಗವಾಕ್ಷಿಯ ಬೂದು ಬೆಳಕು, ಮತ್ತು ರೋಲಿನಲ್ಲಿ ಒಂದೇ ಒಂದು ಫೋಟೋ.

ಅಜ್ಜಿ ಇಳಕಲ್ ಸೀರೆ ಉಟ್ಟು ಬಂದವಳು ಮುತ್ತಜ್ಜನ ಕುರ್ಚಿಯಲ್ಲಿ ಕೂತುಬಿಟ್ಟಳು. ನಾವೆಲ್ಲ ದಂಗಾದೆವು. ಬೆತ್ತ ಹೆಣೆದ ಆ ಕುರ್ಚಿ ಅವಳ ಮಾವನದು. ಅವರು ಬದುಕಿದ್ದಾಗ ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮಿಯೇ ಒಳಗೆ ಬರುತ್ತಿದ್ದರಂತೆ. ಕೆಮ್ಮು ಕೇಳಿದೊಡನೆ ಸೊಸೆಯಂದಿರು ಎದ್ದು, ತಲೆಯ ಮೇಲೆ ಸೆರಗೆಳೆದು, ಅಡುಗೆಮನೆಯ ಬಾಗಿಲ ಮರೆಗೆ ಸರಿಯಬೇಕು. ಅವರು ಹೋಗಿ ಎಷ್ಟೋ ವರ್ಷವಾದರೂ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

"ಅಲ್ಲೇ ಕೂಡಬೇಕೇನವ್ವಾ?" ಎಂದರು ಅಪ್ಪ.

"ಯಾಕ, ನಾ ಕೂತ್ರ ಅದರ ಕಾಲು ಮುರೀತಾವೇನು? ಜನ್ಮಪೂರ್ತಿ ಒರಸೀನಿ, ಒಮ್ಮೆ ಕೂಡ್ತೀನಿ."

ಜೋಳದ ಚೀಲದ ಮೇಲೆ ಕ್ಯಾಮೆರಾ ಇಟ್ಟೆವು. ಅಕ್ಕ ಅಪ್ಪನ ಇನ್ನೊಂದು ಬಿಳಿ ಧೋತರದ ಮಡಿಕೆ ಬಿಚ್ಚಿ ಹಿಡಿದು ಗವಾಕ್ಷಿಯ ಬೆಳಕನ್ನು ಅಜ್ಜಿಯ ಮುಖಕ್ಕೆ ತಿರುಗಿಸಿದಳು. ಆ ಕತ್ತಲೆಯ ರೋಲಿನ ನಂತರ ಬಟನ್ ಒತ್ತುವ ಕೆಲಸ ನನ್ನದಾಗಿತ್ತು; ನಾನು ಇಣುಕಿದೆ. ಕುರ್ಚಿಯಲ್ಲಿ ಅಜ್ಜಿ, ಅವಳ ಹಿಂದೆ ಅರೆ ತೆರೆದ ತಲಬಾಗಿಲು. ಇಬ್ಬರು ಅಜ್ಜಿಯರನ್ನು ಒಬ್ಬಳನ್ನಾಗಿ ಮಾಡಿದೆ. ಬೆಳಕು ಕಡಿಮೆ, ನಾಲ್ಕು ಎಣಿಸುವ ತನಕ ನಾನು ಬಟನ್ ಒತ್ತಿಯೇ ಇರಬೇಕು, ಅಜ್ಜಿ ಅಲುಗಬಾರದು. ಏನೇ ಆದರೂ ಬೆರಳು ತೆಗೆಯಬೇಡ ಎಂದು ಅಪ್ಪ ಕಟ್ಟಪ್ಪಣೆ ಮಾಡಿದರು.

ಗಂಜಿನಲ್ಲಿ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಪ್ಪ ಬೆಳಕನ್ನೂ ಹಾಗೇ ಎಣಿಸಿದರು.

"ಲಾಭ... ಎರಡು..."

ಅಜ್ಜಿ ಚಟ್ಟನೆ ಎದ್ದಳು. ಮಂಡಿನೋವಿನ ಅಜ್ಜಿ ಹೊಸ ಸೊಸೆಯ ಹಾಗೆ ಸೆರಗೆಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ಸರಿದಳು. ಅಪ್ಪನ ಎಣಿಕೆ ನಿಂತುಹೋಯಿತು. ನಾನು ಅಪ್ಪಣೆಯಂತೆ ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಮುಗಿಸಿ ಬೆರಳು ತೆಗೆದೆ.

"ಏನಾತವ್ವಾ?"

"ಮೆಲ್ಲಕ ಮಾತಾಡು. ಮಾವನೋರು ಬಂದಾರ. ಕೆಮ್ಮಿದ್ದು ಕೇಳಲಿಲ್ಲೇನು?"

ನನಗೆ ಕೇಳಿರಲಿಲ್ಲ. ಅಕ್ಕ ಧೋತರವನ್ನು ಅವಸರದಲ್ಲಿ ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ತಮಗೂ ಏನೂ ಕೇಳಲಿಲ್ಲ ಎಂದು ಅಪ್ಪ ಗಟ್ಟಿಯಾಗಿ ಹೇಳಿದರು. ಹೇಳಿ, ತಲಬಾಗಿಲಿಗೆ ಹೋಗಿ ಓಣಿಯ ಎರಡೂ ಕಡೆ ನೋಡಿ ಬಂದರು. ಏನೂ ಕೇಳದವರು ಏನು ನೋಡಲು ಹೋದರೆಂದು ನಾನು ಇಂದಿಗೂ ಯೋಚಿಸುತ್ತೇನೆ. ಆ ರಾತ್ರಿ ಊಟಕ್ಕೆ ಕೂತಾಗ ಕುರ್ಚಿಗೆ ಬೆನ್ನು ಹಾಕಲು ಯಾರೂ ಒಪ್ಪಲಿಲ್ಲ.

ಚಾಚಾ ಫೋಟೋ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದರು. "ಹುಡುಗ ಛಲೋ ಹಿಡದಾನ್ರೀ ಸಾಬ್. ಕುರ್ಚಿ ನೋಡ್ರಿ, ಬೆತ್ತದ ಒಂದೊಂದು ಎಳಿ ಎಣಸ್ಬಹುದು. ಆದ್ರ ಅಮ್ಮಾ ಕಹಾಂ ಗಯೇ? ಎಲ್ಲಿ ಹೋದ್ರು?"

ಅಜ್ಜಿ ಇದ್ದಳು, ಹೊಗೆಯಂತೆ. ಅವಳ ಎದೆಯೊಳಗಿಂದ ಕುರ್ಚಿಯ ಬೆನ್ನು ಕಾಣುತ್ತಿತ್ತು; ಮುಖದ ಜಾಗದಲ್ಲಿ ಎರಡು ಕಣ್ಣಿನ ನೆರಳು, ಅಷ್ಟೇ. ಕಿಂಡಿ ಮುಚ್ಚುವ ಮೊದಲೇ ಎದ್ದು ಹೋದವರು ಹೀಗೇ ಬರುತ್ತಾರೆ, ಇದರಲ್ಲಿ ಪವಾಡವಿಲ್ಲ ಎಂದರು ಚಾಚಾ. ಯಾಕೆ ಎದ್ದಳೆಂದು ಅಪ್ಪ ಅವರಿಗೆ ಹೇಳಲಿಲ್ಲ. ಅಜ್ಜಿಗೂ ಫೋಟೋ ತೋರಿಸಲಿಲ್ಲ. ಇನ್ನೊಂದು ರೋಲು ತಂದು ಅಂಗಳದಲ್ಲಿ ತೆಗೆಯೋಣ ಎಂದರು. ರೋಲು ತರುವ ಮೊದಲೇ ಅಜ್ಜಿ ತೀರಿಕೊಂಡಳು. ಕೊನೆಗೆ ಗೋಡೆಗೆ ಏರಿದ್ದು ಆ ಹೊಗೆಯಂಥ ಫೋಟೋನೇ.

ಮಕ್ಕಳೇ, ನಿಮ್ಮ ಫೋನು ಬೆಳಕನ್ನು ತಾನೇ ಅಳೆಯುತ್ತದೆ. ಕಣ್ಣು ಮಿಟುಕಿಸಿದರೆ ಇನ್ನೊಂದು ತೆಗೆಯುತ್ತೀರಿ, ಹಿಡಿಸದಿದ್ದರೆ ಅಳಿಸುತ್ತೀರಿ. ನಮಗೆ ಅಳಿಸುವ ಸೌಕರ್ಯ ಇರಲಿಲ್ಲ. ಅಳಿಸುವುದು ಒಮ್ಮೊಮ್ಮೆ ತಾನಾಗಿ ಆಗುತ್ತಿತ್ತು. ಕಳೆದ ದೀಪಾವಳಿಯಲ್ಲಿ ನನ್ನ ಮೊಮ್ಮಗಳು ಗೋಡೆಯ ಮೇಲಿನ ಆ ಫೋಟೋಗೆ ತನ್ನ ಫೋನು ಹಿಡಿದಳು. ಮುಖ ಕಂಡಲ್ಲಿ ಫೋನು ತಾನೇ ಒಂದು ಹಳದಿ ಚೌಕ ಹಾಕುತ್ತದಲ್ಲ, ಆ ಚೌಕ ಅಜ್ಜಿಯ ಮೇಲೆ ನಿಲ್ಲಲಿಲ್ಲ. ಅತ್ತಿತ್ತ ಅಲೆದು, ತಲಬಾಗಿಲ ಹೊಸ್ತಿಲಿಗೆ ಹೋಗಿ ನಿಂತಿತು.

ಫೋಟೋದಲ್ಲಿ ಹೊಸ್ತಿಲು ಖಾಲಿ ಇದೆ.