ಎನಿಡಳ ತೊಟ್ಟಿಯ ಹಸಿರು ನೀರು

ಬಾತುಕೋಳಿಯನ್ನು ಮುದ್ದಿಗೆಂದು ಸಾಕಲು ಹೊರಟವರಿಗೆ ಯಾರೂ ಮೊದಲೇ ಹೇಳದ ವಿಷಯವೊಂದಿದೆ. ಅದು ನೀರನ್ನು ಕುಡಿಯುವುದಕ್ಕಿಂತ ಕೆಡಿಸುವುದೇ ಹೆಚ್ಚು. ಬೆಳಿಗ್ಗೆ ತಿಳಿಯಾಗಿದ್ದ ತೊಟ್ಟಿ ಸಂಜೆಗೆ ಕಂದು, ಮರುದಿನಕ್ಕೆ ಹಸಿರು. ಮೂರನೆಯ ದಿನ ಮೂಗು ಮುಚ್ಚಿಕೊಂಡೇ ಹತ್ತಿರ ಹೋಗಬೇಕು. ಎನಿಡ್ ಸ್ಟಾಬ್ಸ್‌ಗೂ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಕೆ ಕಿವಿಗೆ ಹಾಕಿಕೊಳ್ಳುತ್ತಿದ್ದಳೆಂದು ಅವಳನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಮೂವತ್ತೊಂದು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಮಕ್ಕಳಿಗೆ ಬಡಿಸಿದ ಕೈ ಅವಳದು. ಇಂಗ್ಲೆಂಡಿನ ಡರಮ್ ಸೀಮೆಯ ಆ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದಾಗಲೂ ಮುಚ್ಚದೆ ಉಳಿದಿದ್ದು ಆ ಅಡುಗೆಮನೆ. ಕೊನೆಗೆ ಅದಕ್ಕೂ ಕುತ್ತು ಬಂತು. ಇನ್ನು ಮುಂದೆ ಊಟ ಪಟ್ಟಣದಿಂದ ವ್ಯಾನಿನಲ್ಲಿ ಬರುತ್ತದೆ ಎಂದರು. ಅದೇ ಬೇಸಿಗೆಯಲ್ಲಿ ಮೂರನೇ ತರಗತಿಯ ಟೀಚರು ದೀಪದ ಕಾವಿನಲ್ಲಿ ಬಾತುಮೊಟ್ಟೆ ಇಟ್ಟು ಮಕ್ಕಳಿಗೆ ಮರಿ ಮಾಡಿಸಿ ತೋರಿಸಿದ್ದರು. ಮರಿಗಳನ್ನು ಕಂಡು ಮಕ್ಕಳು ಕುಣಿದರು, ಮನೆಗೆ ಒಯ್ಯಲು ಮಾತ್ರ ಒಬ್ಬ ತಾಯಿಯೂ ಒಪ್ಪಲಿಲ್ಲ. ಕೊನೆಯ ದಿನ ಎನಿಡ್ ತನ್ನ ಏಪ್ರನ್ನು, ಉದ್ದ ಹಿಡಿಕೆಯ ಸೌಟು, ಜೊತೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಮರಿಗಳನ್ನು ಎತ್ತಿಕೊಂಡು ಹೊರಟಳು.

"ಬನ್ರೋ, ನಿಮ್ಮನ್ನೂ ಕೆಲಸದಿಂದ ತೆಗೆದಿದ್ದಾರೆ" ಎಂದಳಂತೆ ಅವುಗಳಿಗೆ.

ಶಾಲೆಯಲ್ಲಿ ಬಡಿಸುತ್ತಿದ್ದ ತಿನಿಸುಗಳ ಹೆಸರನ್ನೇ ಇಟ್ಟಳು: ಕಸ್ಟರ್ಡ್, ಗ್ರೇವಿ, ಕ್ರಂಬಲ್. ಹಿತ್ತಿಲಲ್ಲಿ ಗುಂಡಿ ತೋಡಿ ಹಳೆಯ ಸ್ನಾನದ ತೊಟ್ಟಿಯೊಂದನ್ನು ಹೂಳಿದಳು. ಅದು ತುಂಬಲು ಹದಿನಾಲ್ಕು ಬಕೆಟ್ ನೀರು ಬೇಕು. ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆಗೆದರೆ ಸಾಕು, ಮೂರೂ ಕತ್ತು ಚಾಚಿಕೊಂಡು ಒಂದರ ಹಿಂದೊಂದು ಓಡಿ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ಆ ಮನೆಯಲ್ಲಿ ಅವಳಿಗಾಗಿ ಕಾಯುತ್ತಿದ್ದ ಹೊಟ್ಟೆಗಳೆಂದರೆ ಅವು ಮೂರೇ. ಅವು ಇಲ್ಲದಿದ್ದರೆ ತಾನು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ ಎಂದು ಅವಳೇ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು.

ಮೂರು ದಿನಕ್ಕೊಮ್ಮೆ ತೊಟ್ಟಿಯ ನೀರನ್ನು ಮೊಗೆದು ಹಿಂದಿನ ಓಣಿಯ ಚರಂಡಿಗೆ ಸುರಿಯುತ್ತಿದ್ದಳು. ಬಿಸಿಲು ಏರಿದರೆ ಓಣಿ ಗಬ್ಬೆನ್ನುತ್ತಿತ್ತು. ಮರುವರ್ಷದ ಮೇ ತಿಂಗಳಲ್ಲಿ ಯಾರೋ ಹೆಸರು ಹಾಕದೆ ದೂರು ಬರೆದರು. ಆ ಸಾಲುಮನೆಗಳ ಒಡೆತನವಿದ್ದ ಸಂಘದಿಂದ ಆರ್ಕಲ್ ಎಂಬ ಅಧಿಕಾರಿ ಬಂದ. ಕೆಟ್ಟವನಲ್ಲ, ಆದರೆ ಕಾಗದದಲ್ಲಿ ಬರೆದಿದ್ದನ್ನು ಬಿಟ್ಟು ಅತ್ತಿತ್ತ ಕದಲುವವನೂ ಅಲ್ಲ.

"ಮಿಸೆಸ್ ಸ್ಟಾಬ್ಸ್, ಇನ್ನೊಂದು ಸಲ ಈ ನೀರು ಚರಂಡಿಗೆ ಬಿತ್ತೋ, ಬಾತುಕೋಳಿಗಳನ್ನ ಬೇರೆ ಕಡೆ ಕಳಿಸಬೇಕಾಗುತ್ತೆ. ಆಗಸ್ಟ್ ಕೊನೆಗೆ ಬರ್ತೀನಿ. ನೀರು ಎಲ್ಲಿ ಹೋಗ್ತಿದೆ ಅಂತ ನೀವು ತೋರಿಸಬೇಕು."

"ತೋರಿಸ್ತೀನಪ್ಪಾ, ಅದಕ್ಕೇನಂತೆ" ಎಂದಳು ಎನಿಡ್. ಅವನು ಆಚೆ ಹೋದ ಮೇಲೆ ಮೆಟ್ಟಿಲ ಮೇಲೆ ಕೂತಳು. ಹದಿನಾಲ್ಕು ಬಕೆಟ್ಟನ್ನು ಎಲ್ಲಿಗೆ ಒಯ್ಯುವುದು?

ಓಣಿಯಾಚೆ ಪ್ರತಿ ಮನೆಗೂ ಒಂದು ತುಂಡು ತೋಟ. ಅಲ್ಲಿ ಗಂಡಸರು ಬೆಳೆಯುವುದು ಮುಖ್ಯವಾಗಿ ಒಂದೇ: ಲೀಕ್ ಗಿಡ. ಈರುಳ್ಳಿಯ ದಾಯಾದಿ, ಆದರೆ ಗಡ್ಡೆಯಿಲ್ಲ, ಬಿಳಿಯ ಕಾಂಡವೇ ಎಲ್ಲ. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಸಭಾಂಗಣದಲ್ಲಿ ಪ್ರದರ್ಶನ, ದಪ್ಪದ್ದಕ್ಕೆ ಬಹುಮಾನ. ತೊಡೆ ಗಾತ್ರದ ಕಾಂಡಗಳನ್ನು ಹಾಲಿನಲ್ಲಿ ತೊಳೆದು, ಕೂಸನ್ನು ಮಲಗಿಸುವಂತೆ ಮೇಜಿನ ಮೇಲೆ ಮಲಗಿಸುತ್ತಾರೆ. ಅಲ್ಲಿನ ಗಂಡಸು ಹೆಂಡತಿಯ ಹುಟ್ಟಿದ ದಿನ ಮರೆತಾನು, ಈ ದಿನ ಮರೆಯಲಾರ. ಒಬ್ಬೊಬ್ಬನ ಬಳಿಯೂ ಒಂದೊಂದು ಮುಚ್ಚಿದ ಪೀಪಾಯಿ, ಅದರೊಳಗೆ ಗಿಡಕ್ಕೆ ಹಾಕುವ ಕಷಾಯ. ಕುರಿಹಿಕ್ಕೆ, ಬಿಯರು, ಮಸಿ, ಇನ್ನೇನೇನೋ. ಗಿಡಕ್ಕೆ ಏನು ಹಾಕುತ್ತೀ ಎಂದು ಒಬ್ಬ ಲೀಕ್‌ಗಾರ ಇನ್ನೊಬ್ಬನನ್ನು ಕೇಳುವಂತಿಲ್ಲ. ಕೇಳಿದವನ ಮಾನ ಹೋಯಿತು, ಹೇಳಿದವನಿಗೆ ಬುದ್ಧಿ ಕೆಟ್ಟಿತು, ಅಷ್ಟೇ ಅಲ್ಲಿನ ಲೆಕ್ಕ.

ಎನಿಡಳ ಪಕ್ಕದ ತೋಟ ಹೆಡ್ಲಿ ರೇನ್‌ನದು. ಗಣಿಯಲ್ಲಿ ದುಡಿದು ಬೆನ್ನು ಬಾಗಿದ ಮನುಷ್ಯ. ನಾಲ್ಕು ಬಾರಿ ಎರಡನೇ ಬಹುಮಾನ ಬಂದಿತ್ತು, ಮೊದಲನೆಯದು ಒಮ್ಮೆಯೂ ಇಲ್ಲ. ಆ ವರ್ಷ ಅವನು ಆರಿಸಿ ಉಳಿದ ಬಡಕಲು ಸಸಿಗಳನ್ನು ಕಸದ ಗುಡ್ಡೆಗೆಸೆದ. ಎನಿಡ್ ಹನ್ನೊಂದು ಸಸಿಗಳನ್ನು ಹೆಕ್ಕಿ ತಂದು ನೆಟ್ಟಳು. ಹೇಗೂ ನೀರು ಎಲ್ಲಾದರೂ ಹೋಗಬೇಕಲ್ಲ, ತೊಟ್ಟಿಯ ಹಸಿರು ನೀರನ್ನು ಬುಡಕ್ಕೆ ಹೊಯ್ದಳು. ಪುಟ್ಟ ಪಾತಿ, ಮೂರು ಬಕೆಟ್‌ಗೇ ಸಾಕೆನ್ನುತ್ತಿತ್ತು. ಮಿಕ್ಕಿದ್ದನ್ನು ಮನೆಯಲ್ಲಿದ್ದ ಡಬ್ಬಿ, ಹಂಡೆ, ಬೋಗುಣಿಗಳಲ್ಲೆಲ್ಲ ತುಂಬಿಟ್ಟು, ಅವೂ ಸಾಲದಾದಾಗ ತೊಟ್ಟಿ ಖಾಲಿ ಮಾಡುವುದನ್ನೇ ಮುಂದೂಡಿ ನಿಟ್ಟುಸಿರುಬಿಟ್ಟಳು.

ಜೂನ್ ಮುಗಿಯುವಷ್ಟರಲ್ಲಿ ಆ ಬಡಕಲು ಸಸಿಗಳು ಅವಳ ಮಣಿಕಟ್ಟಿನಷ್ಟು ದಪ್ಪವಾದವು. ಹೆಡ್ಲಿ ಬೇಲಿಯ ಬಳಿ ಬಂದು ನಿಂತ. ನೋಡಿದ. ಕೆಮ್ಮಿದ. ಹೋದ. ಮತ್ತೆ ಬಂದ. ಮರುದಿನ ಬೆಳಿಗ್ಗೆ ಆರಕ್ಕೆ ಎರಡೂ ಕೈಯಲ್ಲಿ ಖಾಲಿ ಬಕೆಟ್ ಹಿಡಿದು ಅವಳ ಹಿತ್ತಿಲಿಗೆ ಬಂದ.

"ತಳ್ಳುಗಾಡಿ ತೊಳೀಬೇಕಿತ್ತು ಕಣೇ. ಹಳೇ ನೀರಾದ್ರೂ ಪರವಾಗಿಲ್ಲ."

"ಗಬ್ಬು ನೀರಲ್ಲಿ ಗಾಡಿ ತೊಳೀತೀಯಾ?"

"ಗಾಡೀನೂ ಗಬ್ಬೇ."

ಎನಿಡ್‌ಗೆ ನಗು ಉಕ್ಕಿತು. ತುಟಿ ಕಚ್ಚಿ ತಡೆದು, ಬಕೆಟ್ ತುಂಬಿಸಿದಳು. "ಇನ್ನೆರಡು ಬೇಕಾದ್ರೂ ಒಯ್ಯೋ."

ಒಯ್ದ. ಗೇಟಿನ ಬಳಿ ತಿರುಗಿ ನಿಂತು ದನಿ ತಗ್ಗಿಸಿದ. "ಎನಿಡ್, ಇದು ನಮ್ಮಿಬ್ಬರಲ್ಲೇ ಇರಲಿ. ನಿನ್ನ ಬಾತುಕೋಳಿಗಳ ಮೇಲೆ ಆಣೆ ಮಾಡು."

ಅವಳು ಆಣೆ ಮಾಡಿದಳು.

ವಾರ ಕಳೆಯಲಿಲ್ಲ, ಸಂಜೆ ಚಹಾದ ಹೊತ್ತಿಗೆ ಅವಳ ಗಿಡಗಳನ್ನು ಕಂಡಿದ್ದ ಇನ್ನೊಬ್ಬ ಲೀಕ್‌ಗಾರ, ನಿವೃತ್ತ ಪೋಸ್ಟ್‌ಮ್ಯಾನ್ ಕತ್‌ಬರ್ಟ್ ಡಾಡ್ಸ್ ಬಂದ. ಅವನಿಗೆ ಕಿಟಕಿ ತೊಳೆಯಬೇಕಿತ್ತಂತೆ. ಎರಡು ಬಕೆಟ್, ಬಾತುಗಳ ಮೇಲೆ ಇನ್ನೊಂದು ಆಣೆ. ಆಮೇಲೆ ದಪ್ಪನೆಯ ವಿಲ್ಫ್. ಅವನು ನೆಪವನ್ನೂ ಹುಡುಕದೆ ಮೊಮ್ಮಗಳನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ ಎರಡು ಡಬ್ಬಿ ಇಟ್ಟು, ಮೇಲೆ ಕಂಬಳಿ ಹೊದಿಸಿಕೊಂಡು ಬಂದಿದ್ದ. ಜುಲೈ ಕೊನೆಗೆ ಆರು ಜನ ಆರು ಹೊತ್ತಿಗೆ ಬರುತ್ತಿದ್ದರು. ಪ್ರತಿಯೊಬ್ಬನೂ ಆ ಗುಟ್ಟು ತನಗೊಬ್ಬನಿಗೇ ಗೊತ್ತೆಂದು ಮೀಸೆಯಡಿ ನಗುತ್ತಿದ್ದ. ಡಬ್ಬಿ ಬೋಗುಣಿಗಳು ಖಾಲಿಯಾದವು. ಚರಂಡಿಗೆ ಒಂದು ತೊಟ್ಟೂ ಬೀಳಲಿಲ್ಲ. ಎನಿಡ್ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಪಾಪ, ಈ ಆಣೆಗಳೇ ಮುಂದೆ ತನ್ನ ಕೊರಳಿಗೆ ಸುತ್ತಿಕೊಳ್ಳುತ್ತವೆಂದು ಅವಳಿಗೆ ಹೊಳೆಯಲೇ ಇಲ್ಲ.

ಆಗಸ್ಟಿನ ಕೊನೆಯ ಶನಿವಾರ, ಪ್ರದರ್ಶನಕ್ಕೆ ಎರಡು ವಾರವಿದ್ದಾಗ ಆರ್ಕಲ್ ಬಂದ. ತೊಟ್ಟಿ ಖಾಲಿ. ಚರಂಡಿಯ ಮುಚ್ಚಳ ಎತ್ತಿ ಇಣುಕಿದ. ಓಣಿಯಾಚೆಯ ಅವಳ ತೋಟಕ್ಕೆ ಹೋಗಿ ಪಾತಿಯನ್ನು ಹೆಜ್ಜೆಯಲ್ಲಿ ಅಳೆದ.

"ತೊಟ್ಟೀಲಿ ಹದಿನಾಲ್ಕು ಬಕೆಟ್ ಹಿಡಿಯುತ್ತೆ ಅಂದ್ರಿ. ಈ ಪಾತಿ ಮೂರಕ್ಕಿಂತ ಹೆಚ್ಚು ಕುಡಿಯಲ್ಲ. ಉಳಿದ ಹನ್ನೊಂದು?"

ಎನಿಡ್ ಸುತ್ತಲ ತೋಟಗಳ ಕಡೆ ಕಣ್ಣು ಹಾಯಿಸಿದಳು. ಬಿಸಿಲಿನ ದಿನ, ಎಲ್ಲರೂ ಅವರವರ ತೋಟದಲ್ಲಿದ್ದರು. ಹೆಡ್ಲಿ ಹುರುಳಿಕಾಯಿ ಬಳ್ಳಿ ಕಟ್ಟುತ್ತಿದ್ದ. ಆಚೆಗೆ ಕತ್‌ಬರ್ಟ್, ಅದರಾಚೆ ವಿಲ್ಫ್. ಆರು ತಲೆಗಳೂ ಒಟ್ಟಿಗೆ ಬಗ್ಗಿದವು.

"ಬೇರೆಯವರು ಒಯ್ತಾರೆ" ಎಂದಳು.

"ಯಾರು?"

ಹೆಸರು ಹೇಳಿದರೆ ಮುಗಿಯಿತು, ಬಾತುಗಳು ಉಳಿಯುತ್ತವೆ. ಆದರೆ ಆಣೆ ಮಾಡಿದ್ದೂ ಆ ಬಾತುಗಳ ಮೇಲೆಯೇ. ಓಣಿಯಾಚೆಯಿಂದ ಕಸ್ಟರ್ಡ್ ವಕ್ ವಕ್ ಎಂದು ಕೂಗುವುದು ಕೇಳುತ್ತಿತ್ತು, ಅದರ ಊಟದ ಹೊತ್ತಾಗಿತ್ತು.

"ಹೇಳೋಕಾಗಲ್ಲಪ್ಪಾ. ಮಾತು ಕೊಟ್ಟಿದ್ದೀನಿ."

ಆರ್ಕಲ್ ಮುಖ ಸಣ್ಣದು ಮಾಡಿಕೊಂಡ. "ಹಾಗಂದ್ರೆ ನಾನೇನು ಬರೀಲಿ, ನೀವೇ ಹೇಳಿ. ಚರಂಡಿಗೇ ಅಂತ ಬರೀಬೇಕಾಗುತ್ತೆ." ಪೆನ್ನು ತೆಗೆದ. ಎನಿಡ್ ಏಪ್ರನ್ನಿನ ತುದಿಯನ್ನು ಹಿಂಡುತ್ತ ನಿಂತಳು, ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಪಕ್ಕದ ಬೇಲಿ ಕಿರ್ರೆಂದಿತು. ಹೆಡ್ಲಿ ಕೈಯಲ್ಲಿದ್ದ ದಾರವನ್ನು ನೆಲಕ್ಕೆ ಎಸೆದು, ಸೊಂಟ ಹಿಡಿದುಕೊಂಡು ಬೇಲಿ ದಾಟಿ ಬಂದ. ಅವನ ಮುಖ ಕೆಂಪಾಗಿತ್ತು. ಎರಡು ವಾರದಲ್ಲಿ ಪ್ರದರ್ಶನ. ಈ ಸಲವಾದರೂ ಮೊದಲನೆಯದು ತನ್ನದೇ ಎಂದು ಎದೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ.

"ನಾನ್ರೀ" ಎಂದ, ಇಡೀ ಓಣಿಗೆ ಕೇಳುವಂತೆ. "ನಾನು ಒಯ್ಯೋದು. ನಾಲ್ಕು ಬಕೆಟ್, ಮೂರು ದಿನಕ್ಕೊಮ್ಮೆ. ನನ್ನ ಲೀಕ್ ಗಿಡಕ್ಕೆ ಹಾಕ್ತಿರೋದು ಇವಳ ಬಾತುಕೋಳಿ ನೀರು. ಬರ್ಕೊಳ್ಳಿ."

ಲೀಕ್‌ಗಾರನೊಬ್ಬ ತನ್ನ ಗುಟ್ಟನ್ನು ತಾನೇ ಕೂಗಿ ಹೇಳಿದ್ದು ಆ ಊರಿನಲ್ಲಿ ಹಿಂದೆಂದೂ ನಡೆದಿರಲಿಲ್ಲ. ಮೊದಲು ಚೇತರಿಸಿಕೊಂಡವನು ಕತ್‌ಬರ್ಟ್.

"ನಾಲ್ಕಾ? ಎನಿಡ್! ನನಗೆ ಎರಡೇ ಕೊಡ್ತಿದ್ದೀಯಲ್ಲೇ!"

"ನಿನಗೂ?" ಹೆಡ್ಲಿ ತಿರುಗಿದ.

"ನನಗೂ ಎರಡು" ಎಂದು ವಿಲ್ಫ್ ಬೇಲಿಯಾಚೆಯಿಂದ ಕೈ ಎತ್ತಿದ. "ಥೂ, ನಾನೊಬ್ಬನೇ ಜಾಣ ಅಂದ್ಕೊಂಡಿದ್ದೆ."

ಆಮೇಲೆ ಉಳಿದ ಮೂವರೂ, ಒಬ್ಬೊಬ್ಬರಾಗಿ, ಒಂದೊಂದು ಬಕೆಟ್ಟಿನವರು. ಆರ್ಕಲ್ ಬೆರಳು ಮಡಿಸಿ ಎಣಿಸಿದ. ನಾಲ್ಕು, ಎರಡು, ಎರಡು, ಮೂರು. ಹನ್ನೊಂದು ಸರಿಹೋಯಿತು. ನಗು ತಡೆದುಕೊಳ್ಳುತ್ತ ಕಾಗದದ ಮೇಲೆ ಏನೋ ಬರೆದು, ಕೆಳಗೆ ಎನಿಡಳಿಂದ ಸಹಿ ಹಾಕಿಸಿಕೊಂಡ. "ಬಾತುಕೋಳಿಗಳು ಇರಲಿ, ಮಿಸೆಸ್ ಸ್ಟಾಬ್ಸ್" ಎಂದು ಹೇಳಿ ಹೊರಟುಹೋದ.

ಉಳಿದವರು ಯಾರು ಯಾರನ್ನು ಎಷ್ಟು ದಿನ ಯಾಮಾರಿಸಿದರೆಂದು ಜಗಳವಾಡುತ್ತ ಚದುರಿದರು. ಹೆಡ್ಲಿ ಮಾತ್ರ ಅಲ್ಲೇ ನಿಂತಿದ್ದ.

"ಎನಿಡ್, ಮೇ ತಿಂಗಳ ಆ ದೂರು... ಅದು ಬರೆದಿದ್ದು ನಾನೇ."

"ಗೊತ್ತು ಕಣೋ. ವಾಸನೆ ಅಂತ ನೆಟ್ಟಗೆ ಬರೆಯೋಕೆ ಬರದವನು ಈ ಓಣೀಲಿ ಇನ್ಯಾರಿದ್ದಾರೆ? ಆ ಆರ್ಕಲ್ ಅವತ್ತೇ ಪತ್ರ ತೋರಿಸಿದ್ದ."

"ಗೊತ್ತಿದ್ದೂ ನಾಲ್ಕು ಬಕೆಟ್ ಕೊಟ್ಟೆಯಾ?"

"ನಿನ್ನ ಗಿಡಗಳೇನೂ ದೂರು ಬರೆದಿರಲಿಲ್ಲವಲ್ಲ" ಎಂದಳು ಎನಿಡ್. "ಹಸಿದಿದ್ದವು, ಕೊಟ್ಟೆ."

ಹೆಡ್ಲಿ ಟೋಪಿ ತೆಗೆದು, ತಿರುಗಿಸಿ ನೋಡಿ, ಮತ್ತೆ ಹಾಕಿಕೊಂಡ.

ಮಂಗಳವಾರ ತೊಟ್ಟಿ ಖಾಲಿ ಮಾಡುವ ದಿನ. ಬೆಳಿಗ್ಗೆ ಏಳಕ್ಕೆ ಎನಿಡ್ ಬಾಗಿಲು ತೆಗೆದರೆ ಬಾತುಗಳ ಹಿಂದೆ ಆರೂ ಮಂದಿ, ಕೈಯಲ್ಲಿ ಬಕೆಟ್, ಗೇಟಿನ ಬಳಿ ನೂಕಾಡುತ್ತಿದ್ದರು. ಗುಟ್ಟು ಬಯಲಾದ ಮೇಲೆ ನಾಚಿಕೆ ಯಾಕೆ? ಕತ್‌ಬರ್ಟ್ ಹೆಡ್ಲಿಯ ನಾಲ್ಕನ್ನು ಎರಡಕ್ಕೆ ಇಳಿಸಬೇಕೆಂದು ವಾದಿಸುತ್ತಿದ್ದ. ವಿಲ್ಫ್ ತೊಟ್ಟಿಯ ತಳದ ಗಸಿ ತನಗೇ ಬೇಕೆನ್ನುತ್ತಿದ್ದ. ಎನಿಡ್ ಒಂದು ಕ್ಷಣ ಹೊಸ್ತಿಲಲ್ಲೇ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ, ಒಂದು ವರ್ಷದಿಂದ ಮೊಳೆಗೆ ತೂಗುಹಾಕಿದ್ದ ಉದ್ದ ಹಿಡಿಕೆಯ ಸೌಟನ್ನು ಇಳಿಸಿಕೊಂಡು ಬಂದಳು. ಏಪ್ರನ್ ಬಿಗಿದಳು.

"ಸಾಲಾಗಿ ನಿಲ್ರೋ!" ಎಂದು ಗದರಿದಳು. ಇನ್ನೂರು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ಅದೇ ದನಿ. "ನೂಕಾಡಿದವರಿಗೆ ಇಲ್ಲ. ಎಲ್ಲರಿಗೂ ಸಿಗುತ್ತೆ."

ಅರುವತ್ತು ದಾಟಿದ ಆರು ಗಂಡಸರು ತುಟಿ ಪಿಟಕ್ಕೆನ್ನದೆ ಸಾಲಾಗಿ ನಿಂತರು. ಹೆಡ್ಲಿ ತಾನಾಗಿಯೇ ಎಲ್ಲರಿಗಿಂತ ಹಿಂದೆ ಹೋಗಿ ನಿಂತ. ಎನಿಡ್ ತೊಟ್ಟಿಯ ಮೇಲೆ ಬಗ್ಗಿ ಮೊದಲ ಬಕೆಟ್ಟಿಗೆ ಬಡಿಸತೊಡಗಿದಳು.