ಕಾಂಗರೂ, ಊದುಬತ್ತಿ ರೋಗ ಮತ್ತು ಮನೆಯಳಿಯ

ಹೆಮ್ಮೆ ಪಡಲು ನನಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಭತ್ತಕ್ಕೆ ಬರುವ ಒಂದು ಶಿಲೀಂಧ್ರದ ರೋಗಕ್ಕೆ ಹೊರದೇಶದ ವಿಜ್ಞಾನಿಗಳೂ ನಮ್ಮ ಊದುಬತ್ತಿಯ ಹೆಸರನ್ನೇ ಬಳಸುತ್ತಾರೆಂದು ಮಗಳು ಹೇಳಿದ ದಿನ, ಆ ರೋಗವನ್ನು ನಾನೇ ಹುಟ್ಟಿಸಿದವನಂತೆ ಬಸ್ರೂರು ಪೇಟೆಯಲ್ಲಿ ಎದೆಯುಬ್ಬಿಸಿ ನಡೆದಿದ್ದೆ.

ಎಂಟನೇ ತರಗತಿಯ ಮಗಳು ಮಾನ್ಯಳಿಗೆ ಶಾಲೆಯಲ್ಲಿ ಕಾಂಗರೂವನ್ನು ಪರಾವಲಂಬಿ ಶಿಲೀಂಧ್ರದೊಂದಿಗೆ ಹೋಲಿಸಿ ಮಾತಾಡಲು ಹೇಳಿದ್ದರು. ಎಲ್ಲಿಂದೆಲ್ಲಿಯ ನಂಟು ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಅವರೆಕಾಳಿನಷ್ಟಿರುವ ಕಾಂಗರೂ ಮರಿ ಹುಟ್ಟಿದ ಕೂಡಲೇ ತಾಯಿಯ ಚೀಲಕ್ಕೆ ತೆವಳಿ, ಅಲ್ಲೇ ಹಾಲು ಕುಡಿದು ಬೆಳೆಯುತ್ತದೆ. ಶಿಲೀಂಧ್ರವೂ ಭತ್ತದ ಗಿಡದೊಳಗೆ ಸೇರಿ ಬೆಳೆಯುತ್ತದೆ. ಕೊನೆಗೆ ತೆನೆಯ ಬದಲು ಕಾಳಿಲ್ಲದ ಊದುಬತ್ತಿಯಂಥ ಕಡ್ಡಿ ಹೊರಬರುತ್ತದೆ. “ಎರಡೂ ಇನ್ನೊಬ್ಬರಲ್ಲಿ ಕೂತು ಉಣ್ಣುವವೇ” ಎಂದು ಅವಳು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡಿದಾಗ ನಾನು ಉಣ್ಣುತ್ತಿದ್ದ ಗಂಜಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟೆ.

ಆ ಜಗಲಿ ನನ್ನ ಅತ್ತೆಯದು. ಮುಂಬೈಯ ಹೋಟೆಲು ಮುಚ್ಚಿ ಬಂದ ಮೇಲೆ ನಾನು ಹೆಂಡತಿಯ ಮನೆಯಲ್ಲೇ ಇದ್ದೇನೆ. ಯಾರೂ ಏನೂ ಅಂದಿಲ್ಲ, ಕಷ್ಟವಿರುವುದೇ ಅಲ್ಲಿ. ನಾನು ಚೀಲದ ಮರಿಯೋ, ಗಿಡ ತಿನ್ನುವ ಬೂಸ್ಟೋ ಎಂದು ಯಾರನ್ನು ಕೇಳಲಿ?

ಅಷ್ಟರಲ್ಲಿ ಹೊಸ್ತು ಬಂತು. ಹೊಸ ಕದಿರನ್ನು ಗದ್ದೆಯಿಂದ ತಂದು ಬಾಗಿಲಿಗೂ ಕಂಬಕ್ಕೂ ಕಟ್ಟಿ, ಹೊಸ ಅಕ್ಕಿ ಉಣ್ಣುವ ಹಬ್ಬ. ನಮ್ಮಲ್ಲಿ ಕದಿರು ತರುವವರು ಮನೆಯವರು, ನೆಂಟರಲ್ಲ. ಅತ್ತೆ ಈ ಸಲ ಹರಿವಾಣ ನನ್ನ ಕೈಗಿತ್ತರು. ನೆಲ ಕಾಣದಷ್ಟು ಹೆಮ್ಮೆಯಿಂದ ಗದ್ದೆಗಿಳಿದೆ. ಬಾಗಿದ ತೆನೆಗಳ ನಡುವೆ ಕೆಲವು ಬೂದುಬಣ್ಣದವು ನೆಟ್ಟಗೆ ನಿಂತಿದ್ದವು. ದೇವರಿಗಲ್ಲವೇ, ಸೆಟೆದು ನಿಂತದ್ದೇ ಇರಲಿ ಎಂದು ಅವನ್ನೇ ಆರಿಸಿ ತಲೆಯ ಮೇಲೆ ಹೊತ್ತು ತಂದೆ. ಹೆಸರಿಗೆ ಹೆಮ್ಮೆಪಟ್ಟಿದ್ದೆನೇ ಹೊರತು ರೋಗದ ಮುಖ ಕಂಡವನಲ್ಲ.

“ಅಪ್ಪಾ, ಇದೇ ಊದುಬತ್ತಿ ರೋಗ!” ಎಂದಳು ಮಾನ್ಯ.

“ಹ್ವಾಯ್, ಎಂತ ತಂದ್ರಿ? ಇದ್ರೊಳ್ಗ್ ಒಂದ್ ಕಾಳೂ ಇಲ್ಲೆ!” ಎಂದರು ಅತ್ತೆ. ಎಲ್ಲರೂ ನಕ್ಕರು. ನಾನೂ ನಗುತ್ತಲೇ, “ಈ ಮನಿಗ್ ನಾನೂ ಹಾಂಗೇ ಅಲ್ದಾ?” ಎಂದುಬಿಟ್ಟೆ.

ಅತ್ತೆ ಮೊಮ್ಮಗಳತ್ತ ತಿರುಗಿದರು. “ಕಾಂಗರೂ ಮರಿ ದೊಡ್ಡದಾರೆ ಎಂತ ಮಾಡತ್ತ್ ಮಗಾ?”

“ಹೊರಗ್ ಹೋತ್ತ್ ಅಮ್ಮಮ್ಮ. ಹೆದ್ರಿಕಿ ಆರೆ ಮತ್ತೆ ಚೀಲಕ್ಕೇ ಹಾರತ್ತ್.”

“ಅದನ್ನ್ ಯಾರಾರೂ ರೋಗ ಅಂತ್ರಾ?” ಎಂದ ಅತ್ತೆ ಹರಿವಾಣವನ್ನು ಬರಿದು ಮಾಡಿ ಮತ್ತೆ ನನ್ನ ಕೈಗೇ ಕೊಟ್ಟರು. “ಹೋಗಿ, ಬಗ್ಗಿದ್ದ್ ಕಂಡ್ ಕೊಯ್ಕಂಡ್ ಬನ್ನಿ. ನೀವ್ ಬಪ್ಪಲ್ಲಿವರಿಗೆ ಇಲ್ಲ್ ಯಾರೂ ಉಂಬ್ದಿಲ್ಲ.”

ನಾನು ಬರಲೆಂದು ಒಂದು ಮನೆಗೆ ಮನೆಯೇ ಹಸಿದು ಕುಳಿತಿತ್ತು. ಯಾವ ಶಿಲೀಂಧ್ರಕ್ಕೆ ಇಂಥ ಮರ್ಯಾದೆ ಸಿಕ್ಕೀತು, ನೀವೇ ಹೇಳಿ.