ಮೇಲಿನ ಮನೆಯ ಬಿಸಿನೀರು

ಲಿಂಗಸುಗೂರಿನ ಆ ಮನೆಯನ್ನು ನಾನು ಒಪ್ಪಿಕೊಂಡದ್ದೇ ಬಿಸಿನೀರಿಗಾಗಿ. ಆಗ ಗುರುಗುಂಟಾದ ದನದ ದವಾಖಾನೆಯಲ್ಲಿ ನನ್ನ ಕೆಲಸ. ಆಕಳು ಈಯಲು ಕಷ್ಟಪಡುವಾಗ ಭುಜದವರೆಗೆ ಕೈ ಒಳಗೆ ಹಾಕಿ ಕರುವಿನ ಕಾಲು ಹುಡುಕಬೇಕು. ಕುರಿಗಳಿಗೆ ಸೂಜಿ ಹಾಕುತ್ತ ಅರ್ಧ ದಿನ ಹಟ್ಟಿಯಲ್ಲೇ ನಿಲ್ಲಬೇಕು. ಸಂಜೆ ಬಸ್ಸಿನಲ್ಲಿ ಮರಳುವಾಗ ನನ್ನ ಪಕ್ಕದ ಸೀಟು ಹೆಚ್ಚಾಗಿ ಖಾಲಿಯೇ ಇರುತ್ತಿತ್ತು. ಅದಕ್ಕೆ ಯಾರನ್ನೂ ಅನ್ನುವ ಹಾಗಿರಲಿಲ್ಲ, ನನ್ನ ಮೈಯ ವಾಸನೆ ನನಗೇ ಬಡಿಯುತ್ತಿತ್ತು. ಮನೆಗೆ ಹೋದ ಕೂಡಲೇ ಎರಡು ಬಕೆಟ್ ಬಿಸಿನೀರು ಸುರಿದುಕೊಂಡರೆ ಮಾತ್ರ ನಾನು ಮತ್ತೆ ನಾನಾಗುತ್ತಿದ್ದೆ.

ಮಾಲೀಕರು ನಿವೃತ್ತ ಹೈಸ್ಕೂಲು ಮಾಸ್ತರು. ಕೆಳಗೆ ಅವರು ಮತ್ತು ಅವರ ಹೆಂಡತಿ. ಮೇಲೆ ಎರಡು ಬಾಡಿಗೆ ಮನೆ. ಒಂದರಲ್ಲಿ ಚಿನ್ನದ ಗಣಿಯ ನೌಕರನೊಬ್ಬ, ಅವನ ಹೆಂಡತಿ, ಒಂದು ಕೂಸು. ಇನ್ನೊಂದು ಖಾಲಿ ಇತ್ತು. ಬಾಡಿಗೆಯವರ ತಣ್ಣೀರಿನ ಟಾಕಿ ಬೇರೆ, ಮಾಲೀಕರದು ಬೇರೆ. ಮಾಳಿಗೆಯ ಮೇಲಿನ ಸೋಲಾರ್ ಮಾತ್ರ ಎಲ್ಲರಿಗೂ ಒಂದೇ.

“ಸಂಜಿ ಮುಂದ ಬಂದ್ರೂ ಸುಡು ಸುಡು ನೀರು ಬರ್ತಾವ. ಅದನ್ನೂ ಸೇರಿಸೇ ಬಾಡಿಗಿ ಹೇಳೀನಿ,” ಎಂದರು ಮಾಸ್ತರು. ನಾನು ಹೊರಡುವಾಗ ಸ್ವಲ್ಪ ಸಂಕೋಚದಿಂದಲೇ ಕೇಳಿದರು, “ನೀವು ಯಾವ ಪೈಕಿ ಅಂತ ಕೇಳಬಾರದು. ಆದ್ರ ಮನ್ಯಾಗ ಹೆಂಗಸರು ಕೇಳ್ತಾರ ನೋಡ್ರಿ.”

“ಬೌದ್ಧರು ರೀ.”

“ಹೌದಾ! ಛಲೋ ಆತು. ಪಂಚಶೀಲ, ಅಷ್ಟಾಂಗ ಮಾರ್ಗ, ಎಲ್ಲಾ ಪಾಠ ಮಾಡೀನಿ ನಾ. ನಿಮ್ಮ ಅಶೋಕಂದು ಮಸ್ಕಿ ಶಾಸನ ನೋಡಾಕ ಹುಡುಗೂರನ್ನ ಕರಕೊಂಡು ಹೋಗಿದ್ದೆ.”

ಅವರಿಗೆ ನಿಜವಾಗಿ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದರೋ, ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಮನೆತನ ಬೌದ್ಧ ಧರ್ಮಕ್ಕೆ ಬಂದದ್ದು ಅಪ್ಪನ ಕಾಲದಲ್ಲಿ. ಅದಕ್ಕೂ ಮೊದಲು ನಾವು ಊರಾಚೆಯ ಓಣಿಯವರು. ಧರ್ಮ ಬದಲಾದರೂ ಓಣಿ ಬದಲಾಗಲಿಲ್ಲ. ನಾನು ಇದ್ದುದನ್ನೇ ಹೇಳಿದ್ದೆ, ಆದರೆ ಅದರಾಚೆ ಒಂದು ಮಾತು ಹೇಳಲಿಲ್ಲ. ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲ ಆ ಒಂದು ಕ್ಷಣದ ಮೌನ ಗೊತ್ತಿರುತ್ತದೆ.

ಅವ್ವ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಮದುವೆಯಾಗಿಲ್ಲ. ಸಂಜೆ ಫೋನು ಮಾಡಿ ಏನು ಅಡುಗೆ ಮಾಡಿದೆ ಎಂದು ಕೇಳುತ್ತಿದ್ದವಳು ಅವ್ವ ಒಬ್ಬಳೇ. ಅವಳು ಹೋದ ಮೇಲೆ ಸಂಜೆ ಎಂಬುದು ಬಹಳ ಉದ್ದವಾಗಿತ್ತು. ಆ ಹೊತ್ತಿನಲ್ಲಿ ಮಾಸ್ತರ ಹೆಂಡತಿ ನನಗೆ ಸಿಕ್ಕರು. ಅವರನ್ನು ನಾನು ಅಮ್ಮ ಅನ್ನುತ್ತಿದ್ದೆ. ನಾನು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಕೆಳಗಿನಿಂದ ಕೂಗುತ್ತಿದ್ದರು, “ತಂಗೀ, ಬಿಸಿ ರೊಟ್ಟಿ ಮಾಡೀನಿ, ಇಳಿದು ಬಾ.” ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದೆವು. ಅವರ ಮೊಣಕಾಲಿನ ನೋವು, ನಾನು ಆ ದಿನ ನೋಡಿದ ಎಮ್ಮೆಯ ಕೆಚ್ಚಲು ಬಾವು, ಕಾಯಿಪಲ್ಯದ ದರ. ಒಮ್ಮೆ ನನಗೆ ಜ್ವರ ಬಂದಾಗ ಹಣೆಯ ಮೇಲೆ ಕೈ ಇಟ್ಟು ನೋಡಿದ್ದರು. ಆ ಕೈ ತೆಗೆಯದಿರಲಿ ಅನ್ನಿಸಿತ್ತು.

ಚಳಿ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ನನ್ನ ಅಣ್ಣ ನಮ್ಮೂರು ಮಸ್ಕಿಯಿಂದ ಬಂದ. ನನಗೆಂದು ಒಂದು ಚೀಲ ಜೋಳ ತಂದಿದ್ದ. ನಾನು ಮೇಲೆ ಚಹಾ ಇಡುತ್ತಿದ್ದೆ. ಕೆಳಗೆ ಅಮ್ಮ ಅವನನ್ನು ಮಾತಾಡಿಸುವುದು ಕೇಳುತ್ತಿತ್ತು.

“ಮಸ್ಕ್ಯಾಗ ಯಾವ ಓಣಿ ನಿಮ್ದು? ನಮ್ಮ ತವರಿನ ಮಂದಿ ಅದಾರ ಅಲ್ಲಿ.”

ಅಣ್ಣ ಓಣಿಯ ಹೆಸರು ಹೇಳಿದ. ಅವನು ಎಲ್ಲಿಯೂ ಏನನ್ನೂ ಮುಚ್ಚಿಟ್ಟವನಲ್ಲ. ಆಮೇಲೆ ಕೆಳಗೆ ಮಾತು ಕೇಳಿಸಲಿಲ್ಲ. ಅಣ್ಣ ಚೀಲ ಹೊತ್ತುಕೊಂಡು ಮೇಲೆ ಬಂದ.

ಆ ವಾರ ರೊಟ್ಟಿಯ ಕೂಗು ಬರಲಿಲ್ಲ. ಮೊಣಕಾಲು ನೋಯುತ್ತಿರಬಹುದು ಎಂದುಕೊಂಡೆ. ಕೆಲ ದಿನಗಳ ನಂತರ ಮೇಲಿನ ಎರಡೂ ಮನೆಗಳಲ್ಲಿ ಬಿಸಿನೀರು ನಿಂತಿತು. ಪಕ್ಕದ ಮನೆಯಾಕೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. “ಅಕ್ಕಾ, ನಿಮಗೂ ಬರವಲ್ದೇನು? ಇಂಥ ಥಂಡ್ಯಾಗ ಕೂಸಿಗೆ ಎರೆಯೋದು ಹೆಂಗ? ನಡೀರಿ, ಇಬ್ರೂ ಹೋಗಿ ಕೇಳೋಣು. ನೀರು ಕೊಡದಿದ್ರ ಬಾಡಿಗ್ಯಾಗ ಮುರಕೋಳ್ರಿ ಅನ್ನೋಣು.” ಇಬ್ಬರೂ ಇಳಿದು ಹೋದೆವು. ಮಾಸ್ತರು ನನ್ನ ಮುಖ ನೋಡದೆ ಹೇಳಿದರು, “ಸವಳು ನೀರು ನೋಡ್ರಿ, ಪೈಪಿನ್ಯಾಗ ಉಪ್ಪು ಕಟ್ಟೈತಿ. ಮಾಡಸ್ತೀನಿ.”

ಮಾಡಿಸಿದರು. ನಾನು ಕೆಲಸಕ್ಕೆ ಹೋದಾಗ ಯಾರೋ ಬಂದು ಕೆಲಸ ಮುಗಿಸಿ ಹೋಗಿದ್ದರು. ಪಕ್ಕದ ಮನೆಯಲ್ಲಿ ನೀರು ಬಂತು, ನನ್ನ ಮನೆಯಲ್ಲಿ ಬರಲಿಲ್ಲ. ಮತ್ತೆ ಕೇಳಿದೆ. ಮತ್ತೆ ಉಪ್ಪಿನ ಕಥೆ ಹೇಳಿದರು. ಒಲೆಯ ಮೇಲೆ ಪಾತೆಲಿ ಇಟ್ಟು ನೀರು ಕಾಯಿಸಿಕೊಳ್ಳತೊಡಗಿದೆ. ಕೈಗೆ ಅಂಟಿದ ರಕ್ತವೂ ವಾಸನೆಯೂ ಒಂದು ಪಾತೆಲಿ ನೀರಿಗೆ ಹೋಗುವಂಥದ್ದಲ್ಲ. ಕೊನೆಗೆ ಒಂದು ರಜೆಯ ದಿನ ನಾನೇ ಪೇಟೆಯಿಂದ ಪ್ಲಂಬರನ್ನು ಕರೆತಂದೆ. ಅವನು ಮಾಳಿಗೆಗೆ ಹತ್ತಿ ಐದು ನಿಮಿಷವೂ ಆಗಿರಲಿಲ್ಲ, ಕೈ ಒರೆಸಿಕೊಳ್ಳುತ್ತ ಇಳಿದು ಬಂದ.

“ಇದು ಕೆಟ್ಟಿಲ್ರೀ ಮೇಡಂ. ಮೊದಲು ಮ್ಯಾಲಿನ ಎರಡೂ ಮನೀಗೆ ಒಂದ ವಾಲ್ ಇತ್ತು, ಈಗ ನಿಮ್ಮ ಪೈಪಿಗೆ ಬೇರೆ ವಾಲ್ ಕೂಡಿಸಿ ಬಂದ್ ಮಾಡ್ಯಾರ. ತಿರುಗಿಸೋ ಹಿಡಿಕಿನೂ ತಗದು ಒಯ್ದಾರ. ನಾ ಬಿಡಬೇಕಂದ್ರ ಮಾಲಕರು ಹೇಳಬೇಕು.”

ಅವನನ್ನು ಕಳಿಸಿ ಮಾಳಿಗೆಯ ಮೇಲೆ ಹೋದೆ. ಹೊಸ ವಾಲ್ ಹೊಳೆಯುತ್ತಿತ್ತು. ಅದರ ಈಚೆಯ ಪೈಪು ಮುಟ್ಟಿ ನೋಡಿದೆ, ತಣ್ಣಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಭಾನುವಾರ, ನಿಂತ ಮಾತು, ಬಾರದ ರೊಟ್ಟಿ ಎಲ್ಲವೂ ಒಂದರ ಹಿಂದೊಂದು ಬಂದವು. ಅಣ್ಣನಿಗೆ ಫೋನು ಮಾಡಲು ಮನಸ್ಸಾಗಲಿಲ್ಲ. ಅವನು ತನ್ನಿಂದಲೇ ಆಯಿತು ಎಂದುಕೊಳ್ಳುತ್ತಿದ್ದ.

ಸಂಜೆ ಕೆಳಗೆ ಹೋದೆ. ಮಾಸ್ತರು ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು.

“ಸರ, ಬಿಸಿನೀರು ಸೇರಿಸಿ ಬಾಡಿಗಿ ಅಂದಿದ್ರಿ. ನೀರು ಇಲ್ಲ. ನನಗ ಪರಿಹಾರ ಬೇಕ್ರೀ.”

ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ತಕ್ಷಣ ತಲೆಯಾಡಿಸಿದರು. “ಆತು. ನಿಂತ ದಿನದಿಂದ ಹಿಡಿದು ಬಾಡಿಗ್ಯಾಗ ಕಡಿಮಿ ಮಾಡ್ತೀನಿ. ಎಷ್ಟು ಅಂತ ನೀವೇ ಹೇಳ್ರಿ.”

“ವಾಲ್ ತಗೀರಿ ಸರ. ಅದು ಸರಿ ಇತ್ತಂದ್ರ ನನಗೇನೂ ಕಡಿಮಿ ಮಾಡೋದು ಬ್ಯಾಡ.”

ಅವರು ಪೇಪರನ್ನು ಮಡಚಿದರು, ಮತ್ತೆ ಮಡಚಿದರು. ಒಳಗಿನಿಂದ ಅಮ್ಮನ ದನಿ ಬಂತು, ಗಂಡನನ್ನು ಉದ್ದೇಶಿಸಿ, “ದನದ ರಕ್ತ, ಮಾಸು, ಎಲ್ಲಾ ಮುಟ್ಟಿ ಬರ್ತಾರ. ಅದ ಟಾಕಿ ನೀರಿಲೆ ನಾ ಮಡೀಲೆ ಸ್ನಾನ ಮಾಡಬೇಕು. ಅದಕ್ಕ ಅಂತ ಹೇಳ್ರಿ.”

“ಮೊದ್ಲೂ ಅದ ಕೆಲಸ ಮಾಡ್ತಿದ್ದೆನಲ್ರೀ ಅಮ್ಮಾರ,” ಎಂದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ನಿಮ್ಮ ಟಾಕಿಯಿಂದ ನನ್ನ ಬಚ್ಚಲಿಗೆ ಇಳಿದ ನೀರು ತಿರುಗಿ ಮೇಲೆ ಹತ್ತುವುದಿಲ್ಲವಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು. ಅವರೆದುರು ಅಳುವುದು ನನಗೆ ಬೇಕಿರಲಿಲ್ಲ.

ದವಾಖಾನೆಯ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿ ಕೆಂಡವಾದರು. “ಗ್ರಾಹಕರ ಕೋರ್ಟಿಗೆ ಹಾಕ್ರಿ. ಬರೇ ನೀರಿನ ಮಾತಲ್ಲ ಇದು, ಪೊಲೀಸ್ ಕೇಸೂ ಆಗತೈತಿ. ಸಾಕ್ಷಿಗೆ ಬಾಜೂ ಮನ್ಯಾಕಿ ಅದಾಳಲ್ಲ.” ನಾನು ಅವಳನ್ನು ಕೇಳಿದೆ. ಅವಳು ಒಲೆಯ ಮೇಲಿನ ಹಾಲನ್ನೇ ನೋಡುತ್ತ ನಿಂತಳು. “ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ನಮಗ ಈ ಬಾಡಿಗಿಗೆ ಮತ್ತ ಎಲ್ಲಿ ಮನಿ ಸಿಗತೈತಿ? ನಿಮಗ ಬೇಕಾದ್ರ ದಿನಾ ಒಂದು ಬಕೆಟ್ ನೀರು ಕೊಡ್ತೀನಿ.” ಅವಳ ಮೇಲೆ ಸಿಟ್ಟು ಬರಲಿಲ್ಲ. ಬಕೆಟ್ ನೀರನ್ನು ನಾನು ತೆಗೆದುಕೊಳ್ಳಲೂ ಇಲ್ಲ.

ಹೀಗೆಲ್ಲ ಕೇಳಿಕೊಂಡು ತಿರುಗಿದ ಸುದ್ದಿ ಮಾಸ್ತರಿಗೆ ಮುಟ್ಟಿರಬೇಕು. ಆ ವಾರವೇ ನನ್ನ ಬಚ್ಚಲಿಗೆ ಹೊಸ ಗೀಜರ್ ಬಂತು. ಅವರೇ ನಿಂತು ಕೂಡಿಸಿದರು. ನೀರು ನಿಂತ ದಿನಗಳಿಗೆ ಬಾಡಿಗೆಯಲ್ಲಿ ಕಡಿತ, ಗೀಜರಿನ ಕರೆಂಟಿನ ಖರ್ಚೂ ಅವರದೇ. “ಇನ್ನ ತ್ರಾಸ ಆಗೂದಿಲ್ಲ ತಂಗಿ,” ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ತಂಗಿ ಎಂದು ಕರೆದಿರಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಸಹೋದ್ಯೋಗಿಗಳು ಪೇಢಾ ಕೊಡಿಸಲು ಹೇಳಿದರು, ಕೊಡಿಸಿದೆ. ಇಷ್ಟೆಲ್ಲ ಕೊಟ್ಟಾದರೂ ಒಂದು ಟಾಕಿಯ ನೀರು ಹಂಚಿಕೊಳ್ಳದೆ ಇರಬಹುದಾದರೆ ಅವರಿಗೆ ಅದೇ ಸಮಾಧಾನ ಎಂದು ಪೇಢಾ ತಿನ್ನುವವರಿಗೆ ಹೇಗೆ ಹೇಳುವುದು? ದೂರು ಕೊಡಲು ಈಗ ನನ್ನ ಬಳಿ ಏನೂ ಉಳಿದಿರಲಿಲ್ಲ. ನೀರು ಸುಡುತ್ತಿತ್ತು.

ಆಮೇಲೆ ನನಗೊಂದು ಕೆಟ್ಟ ಚಾಳಿ ಹತ್ತಿತು. ಗುರುಗುಂಟಾದಲ್ಲಿ ಆಕಳು ಈದ ಮೇಲೆ ಮನೆಯ ಹೆಣ್ಣುಮಕ್ಕಳು ಚೊಂಬಿನಲ್ಲಿ ಕಾದ ನೀರು ತಂದು ನನ್ನ ಕೈಗೆ ಹಾಕುತ್ತಿದ್ದರು. ಎಷ್ಟೋ ವರ್ಷಗಳಿಂದ ನನಗೆ ಅದು ಪ್ರೀತಿಯ ಕೆಲಸವಾಗಿ ಕಂಡಿತ್ತು. ಈಗ ಚೊಂಬು ಎಷ್ಟು ಎತ್ತರದಲ್ಲಿದೆ ಎಂದು ನೋಡತೊಡಗಿದೆ. ಇವರು ಎಲ್ಲರಿಗೂ ಹೀಗೇ ಎತ್ತಿ ಸುರಿಯುತ್ತಾರೋ, ನನಗೆ ಮಾತ್ರವೋ? ಒಬ್ಬ ಮುದುಕಿ ನನ್ನ ಕೈ ಹಿಡಿದು ಬೆರಳ ಸಂದಿಯನ್ನೆಲ್ಲ ತಾನೇ ತಿಕ್ಕಿ ತೊಳೆದಳು. “ಯವ್ವಾ, ನಿನ್ನ ಕೈ ತಣ್ಣಗಿರಲಿ, ನಮ್ಮ ಆಕಳ ಉಳಿಸಿದಿ,” ಎಂದಳು. ಆಗಲೂ ಇವಳಿಗೆ ನನ್ನ ಓಣಿ ಗೊತ್ತಿಲ್ಲ ಎಂದೇ ನನ್ನ ಮನಸ್ಸು ಹೇಳಿತು. ವಾಲ್ ಮುಚ್ಚಿದವರ ಮೇಲೆ ನನಗೆ ನಿಜವಾದ ಸಿಟ್ಟು ಬಂದದ್ದು ಆ ದಿನ.

ಬೇರೆ ಮನೆ ಹುಡುಕಿದೆ. ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ. ಎರಡು ಕಡೆ ಓಣಿಯ ಹೆಸರನ್ನೂ ನಾನೇ ಮೊದಲು ಹೇಳಿದೆ. ಒಂದು ಕಡೆ ಮನೆ ನಿನ್ನೆಯೇ ಹೋಯಿತು ಎಂದರು. ಇನ್ನೊಂದು ಕಡೆ ಮಗನನ್ನು ಕೇಳಿ ಹೇಳುತ್ತೇವೆ ಎಂದವರು ಹೇಳಲೇ ಇಲ್ಲ. ಹಾಗಾಗಿ ಅದೇ ಮನೆಯಲ್ಲಿ ಉಳಿದೆ. ಅಮ್ಮ ಮೆಟ್ಟಿಲ ಹತ್ತಿರ ಎದುರಾದರೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಮೊಣಕಾಲು ಹೇಗಿದೆ ಎಂದು ಕೇಳುವ ಆಸೆ ಎಷ್ಟೋ ಸಲ ಬಾಯಿಗೆ ಬಂದು ಹೋಯಿತು. ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯೇನಿಲ್ಲ. ಅವರ ಮೇಲೆ ಸಿಟ್ಟಿತ್ತು, ಅವರು ಬೇಕಾಗಿಯೂ ಇದ್ದರು.

ಮರುವರ್ಷ ಸಿಂಧನೂರಿಗೆ ವರ್ಗವಾಯಿತು. ಸಾಮಾನು ಟೆಂಪೋಗೆ ಏರಿಸುವಾಗ ಮಾಸ್ತರು ಅಡ್ವಾನ್ಸ್ ತಂದು ಕೊಟ್ಟರು. ಖಾಲಿ ಮನೆಗೆ ಬೀಗ ಹಾಕಲು ಹೋದರೆ ಅಮ್ಮ ಹೊಸ್ತಿಲಾಚೆ ನಿಂತಿದ್ದರು. ಹೇಗೋ ಮೆಟ್ಟಿಲು ಹತ್ತಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು.

“ನೀ ಕೆಟ್ಟಾಕಿ ಅಂತ ಅಲ್ಲ ತಂಗಿ,” ಎಂದರು. “ನಮ್ಮ ಮನ್ಯಾಗ ಮೊದಲಿಂದ ಹಂಗ ನಡಕೊಂಡು ಬಂದೈತಿ.”

ನಾನು ಕೀಲಿಯನ್ನು ಅವರ ಕಡೆ ಚಾಚಿದೆ. ಅವರು ಅಂಗೈ ಒಡ್ಡಿದರು. ಒಂದು ಗಳಿಗೆ ನಮ್ಮಿಬ್ಬರ ಬೆರಳು ತಾಗಿದವು. ಅವರು ಕೈ ಹಿಂದೆಗೆಯಲಿಲ್ಲ. ಅದಕ್ಕೆ ಏನು ಅರ್ಥ ಕೊಡಬೇಕೆಂದು ತಿಳಿಯದೆ ನಾನು ಇಳಿದು ಬಂದೆ.

ಸಿಂಧನೂರಿನಲ್ಲಿ ಮನೆ ಬೇಗ ಸಿಕ್ಕಿತು. ರಸಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಮಾಲೀಕ ಹೈದರಾಬಾದಿನಲ್ಲಿದ್ದಾನೆ. ನಾನು ಯಾವ ಪೈಕಿ ಎಂದು ಕೇಳಲಿಲ್ಲ, ನೌಕರಿ ಯಾವುದು ಎಂದಷ್ಟೇ ಫೋನಿನಲ್ಲಿ ಕೇಳಿದ. ಬೆಳಿಗ್ಗೆ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆಗೋ ಬಳಗಾನೂರಿನ ಕಡೆಗೋ ಹೋಗುತ್ತೇನೆ, ಎಮ್ಮೆಗಳು ಬಹಳ ಇವೆ ಇಲ್ಲಿ. ಸಂಜೆ ಅಂಗಡಿಯವರು ಶಟರ್ ಎಳೆದು ಬೈಕ್ ಏರಿ ಹೋಗುತ್ತಾರೆ. ಆಮೇಲೆ ಆ ಕಟ್ಟಡದಲ್ಲಿ ನಾನೊಬ್ಬಳೇ. ನನ್ನ ಬಗ್ಗೆ ಏನೂ ಗೊತ್ತಿಲ್ಲದ ಮನುಷ್ಯನ ಮನೆಯಲ್ಲಿ ಯಾವ ತಂಟೆಯೂ ಇಲ್ಲದೆ ಇದ್ದೇನೆ. ಬಾಗಿಲು ಹಾಕಿಕೊಂಡು ರೇಡಿಯೋ ಹಚ್ಚುತ್ತೇನೆ, ಯಾವ ಸ್ಟೇಶನ್ ಆದರೂ ಆದೀತು, ಯಾರಾದರೂ ಮಾತಾಡುತ್ತಿದ್ದರೆ ಸಾಕು.